ಯಾರೂ ಹೇಳದ ಎರಡು ಸಾಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೊದಲೆಲ್ಲ ನಡುವೆಯೇ ಎದ್ದು ಹೋಗುತ್ತಿದ್ದೆ. ದೆವ್ವ ಕಂಡವರು, ಸತ್ತವರ ದನಿ ಕೇಳಿದವರು, ಕನಸಿನಲ್ಲಿ ಅಪ್ಪಣೆ ಪಡೆದವರು ನಮ್ಮ ಕಡೆ ಓಣಿಗೆ ನಾಲ್ಕು ಜನ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಾರೆಂದು ನನಗೆ ಅನಿಸುತ್ತಿರಲಿಲ್ಲ. ಏನೋ ಒಂದು ಕಂಡು ಇನ್ನೇನೋ ತಿಳಿದುಕೊಂಡಿರಬೇಕು ಅಂದುಕೊಳ್ಳುತ್ತಿದ್ದೆ. ಈಗಲೂ ನಾನು ದೆವ್ವವನ್ನು ನಂಬುವವನಲ್ಲ. ಆದರೆ ನನ್ನ ಕೈಯಿಂದಲೇ ನಡೆದ ಒಂದು ಸಂಗತಿಗೆ ಇಷ್ಟು ವರ್ಷವಾದರೂ ನನ್ನ ಬಳಿ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಏನೆಂದುಕೊಳ್ಳುವುದೋ ನೀವೇ ನೋಡಿ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ದೊಡ್ಡ ಯುದ್ಧ ಇನ್ನೂ ಮುಗಿದಿರಲಿಲ್ಲ. ನಾನು ಮಸ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನಾನು ಲಿಂಗಸುಗೂರಿನಲ್ಲಿ ಕಲಿತದ್ದೂ ಉರ್ದು, ಇಲ್ಲಿ ಕಲಿಸುತ್ತಿದ್ದುದೂ ಉರ್ದು. ಕನ್ನಡ ಅಕ್ಷರಗಳನ್ನು ಒಬ್ಬ ಮಠದ ಅಯ್ಯನವರು ಎರಡು ಮಳೆಗಾಲ ಮರಳಿನ ಮೇಲೆ ತಿದ್ದಿಸಿದ್ದರು, ಅಷ್ಟೇ. ಹೀಗಾಗಿ ನನ್ನ ಉರ್ದು ಬರವಣಿಗೆ ಓಡುತ್ತಿತ್ತು. ಕನ್ನಡದ್ದು ಒಂದೊಂದೇ ಅಕ್ಷರ ನೆನಪಿಸಿಕೊಂಡು ಬರೆಯುವ ಪಾಡು. ಅದರಲ್ಲೂ ಒತ್ತಕ್ಷರ, ಮಹಾಪ್ರಾಣ ಬಂದರೆ ಪೆನ್ಸಿಲ್ ಎತ್ತಿ ಯೋಚಿಸಬೇಕಾಗುತ್ತಿತ್ತು. ಈ ಮಾತನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮದು ಕುರಿ ಕಾಯುವವರ ಮನೆತನ. ನಾಲ್ಕೈದು ವರ್ಷಕ್ಕೊಮ್ಮೆ ಹೆಳವರು ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ನಮ್ಮ ಓಣಿಗೆ ಬರುತ್ತಿದ್ದರು. ಮನೆಯ ಮುಂದೆ ನಿಂತು ಹತ್ತು ತಲೆಮಾರಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ಅವರ ಕಸುಬು. ಒಂದು ಸಲ ಹೀಗೆ ಬಂದಾಗ ನಾನು ಲಕ್ಷ್ಯಗೊಟ್ಟು ಕೇಳಿದೆ. ಅವರು ಹೇಳಿದ್ದೆಲ್ಲ ಗಂಡಸರ ಹೆಸರು.

“ಹೆಣ್ಣುಮಕ್ಕಳ ಹೆಸರು ಎಲ್ಲಿ ಹೋದ್ವು?” ಎಂದು ಕೇಳಿದೆ.

“ಅವು ಕೊಟ್ಟ ಮನಿ ಹೆಳವರ ಹತ್ರ ಇರ್ತಾವ್ರೀ ಮಾಸ್ತರ,” ಎಂದು ಹೆಳವ ನಕ್ಕ.

ಹಾಗಾದರೆ ಯಾರ ಮನೆಗೂ ಕೊಡದೆ, ಸಣ್ಣ ವಯಸ್ಸಿನಲ್ಲೇ ಹೋದವರ ಹೆಸರು ಯಾರ ಬಳಿ ಇರುತ್ತದೆ? ಅವತ್ತಿನಿಂದ ನಮ್ಮ ಮನೆಯ ಹಿರಿಯರು ಹೇಳುವುದನ್ನೆಲ್ಲ ಬರೆದಿಡಬೇಕೆಂಬ ಹುಚ್ಚು ಹಿಡಿಯಿತು. ಯುದ್ಧದಿಂದಾಗಿ ಕಾಗದ ಸಿಗುತ್ತಿರಲಿಲ್ಲ. ಶಾಲೆಯ ಹಳೆಯ ಹಾಜರಿ ಪಟ್ಟಿಗಳ ಹಿಂಬದಿ ಖಾಲಿ ಇತ್ತು, ಅದನ್ನೇ ಹೊಲಿದು ಪುಸ್ತಕ ಮಾಡಿಕೊಂಡೆ. ಮೊದಲು ಲಿಂಗಸುಗೂರಿನಲ್ಲಿದ್ದ ನಮ್ಮ ಅಪ್ಪನ ದಾಯಾದಿಯೊಬ್ಬರ ಬಳಿ ಹೋದೆ. ನಮ್ಮ ಹಿರಿಯರು ಮುದಗಲ್ ಕೋಟೆಗೆ ಕಾವಲಿದ್ದವರು ಎಂದು ಅವರು ಬೆಳಿಗ್ಗೆ ಬರೆಸಿದರು. ಊಟವಾದ ಮೇಲೆ, ನಮ್ಮವರು ಆ ಕೋಟೆಯ ಬಾಗಿಲನ್ನೇ ಕಂಡವರಲ್ಲ ಎಂದು ಬರೆಸಿದರು. ಎರಡನ್ನೂ ಬರೆದುಕೊಂಡು ಬಂದೆ.

ಆಮೇಲೆ ಉಳಿದದ್ದು ಮುಕ್ಕುಂದದ ಹನುಮವ್ವ ಆಯಿ. ನನ್ನ ಅಜ್ಜನ ಅಕ್ಕ ಆಕೆ. ಅಜ್ಜ ತೀರಿಕೊಂಡು ಬಹಳ ದಿನವಾಗಿತ್ತು, ಅಪ್ಪನೂ ಇರಲಿಲ್ಲ. ಹಿಂದಿನ ಕಾಲದವರೆಂದು ನಮ್ಮಲ್ಲಿ ಉಳಿದವಳು ಆಯಿ ಒಬ್ಬಳೇ. ಎಪ್ಪತ್ತು ದಾಟಿತ್ತು. ಕಣ್ಣು ಸ್ವಲ್ಪ ಮಂಜಾಗಿದ್ದರೂ ನೆನಪು ಗಟ್ಟಿಯಾಗಿತ್ತು.

ಬೇಸಿಗೆಯ ರಜೆಯಲ್ಲಿ ಮಸ್ಕಿಯಿಂದ ಮೋಟಾರು ಹತ್ತಿ ಸಿಂಧನೂರಿಗೆ ಹೋದೆ. ಅಲ್ಲಿಂದ ಆಯಿಯ ಮಗ ಯಮನಪ್ಪ ಕಾಕಾ ಗಾಡಿ ತಂದಿದ್ದ. ಮುಕ್ಕುಂದ ಹೊಳೆಯ ದಂಡೆಯ ಊರು. ತುಂಗಭದ್ರೆಯ ಈಚೆ ನಿಜಾಮರ ಸೀಮೆ, ಆಚೆ ಇಂಗ್ರೇಜಿ ಸೀಮೆ. ಆ ದಿನಗಳಲ್ಲಿ ನೀರು ಸೊರಗಿ ನಡುವೆ ಮರಳು ಕಾಣುತ್ತಿತ್ತು.

ಮೊದಲ ದಿನ ಆಯಿ ನಗಿಸುವ ಸಂಗತಿಗಳನ್ನೇ ಹೇಳಿದಳು. ತನ್ನ ಮದುವೆಯ ದಿನ ಬೀಗರ ಎತ್ತು ಹಂದರಕ್ಕೆ ನುಗ್ಗಿ ತೋರಣ ತಿಂದದ್ದು, ನನ್ನ ಅಜ್ಜ ಸಣ್ಣವನಿದ್ದಾಗ ಕುರಿಮರಿಯ ಜೊತೆ ತಾನೂ ಕುರಿಯ ಮೊಲೆಗೆ ಬಾಯಿ ಹಾಕಿದ್ದು. ಆಕೆ ಹೇಳುವ ವೇಗಕ್ಕೆ ಕನ್ನಡದಲ್ಲಿ ಬರೆಯುವುದು ನನ್ನಿಂದ ಸಾಧ್ಯವಿರಲಿಲ್ಲ. ಹೀಗಾಗಿ ಉರ್ದುವಿನಲ್ಲಿ ಗೀಚಿಕೊಂಡು, ಮರುದಿನ ಬೆಳಿಗ್ಗೆ ಅದನ್ನು ಕನ್ನಡಕ್ಕೆ ಇಳಿಸಿ ಆಯಿಗೆ ಓದಿ ಹೇಳುವುದೆಂದು ಮಾಡಿಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬೇವಿನ ನೆರಳಿಗೆ ಕುಳಿತೆವು. ನಾನು ಹೆಳವನ ಮಾತು ಹೇಳಿ, “ಆಯಿ, ನಿಮ್ಮ ಮನ್ಯಾಗ ಹೆಣ್ಣುಮಕ್ಕಳು ನೀ ಒಬ್ಬಾಕಿನಽ ಏನು?” ಎಂದು ಕೇಳಿದೆ. ಆಯಿ ಹೇಳತೊಡಗಿದಳು.

ಆಕೆಗೆ ಒಬ್ಬ ಅಕ್ಕ ಇದ್ದಳಂತೆ, ದ್ಯಾಮವ್ವ ಎಂದು. ಅಕ್ಕನಿಗೆ ಹನ್ನೆರಡು ವರ್ಷ, ಆಯಿಗೆ ಎಂಟು. ತಾಯಿ ಬಸುರಿ. ಆ ಹೊಟ್ಟೆಯಲ್ಲಿದ್ದವನೇ ನನ್ನ ಅಜ್ಜ. ಇವರ ಅಪ್ಪ ಸಿದ್ದಪ್ಪ ಮಸ್ಕಿಯಿಂದ ಕುರಿ ಹೊಡೆದುಕೊಂಡು ಬಂದು ಮುಕ್ಕುಂದದ ಹತ್ತಿರ ಹೊಳೆಯ ದಂಡೆಯ ಹೊಲಗಳಲ್ಲಿ ಬೀಡು ಬಿಟ್ಟಿದ್ದ. ಸುತ್ತಲಿನ ಊರುಗಳಲ್ಲಿ ವಾಂತಿಭೇದಿ ಎದ್ದಿತ್ತು. ಒಂದು ದಿನ ನಸುಕಿನಲ್ಲಿ ದ್ಯಾಮವ್ವನಿಗೆ ಶುರುವಾಯಿತು. “ಅಪ್ಪಗ ಹೇಳಬ್ಯಾಡ,” ಎಂದು ಅವಳು ತಂಗಿಯ ಕೈ ಹಿಡಿದುಕೊಂಡಳಂತೆ. ತಂಗಿ ಹೆದರಿ ಓಡಿಹೋಗಿ ಅಪ್ಪನಿಗೆ ಹೇಳಿಬಿಟ್ಟಳು.

ಹೊತ್ತು ನೆತ್ತಿಗೇರುವುದರೊಳಗೆ ದ್ಯಾಮವ್ವನ ಮೈ ತಣ್ಣಗಾಗಿ ಕಣ್ಣು ಒಳಗೆ ಹೋದವು. ಅಪ್ಪ ಸ್ವಲ್ಪ ದೂರದಲ್ಲಿ ಕುಣಿ ತೋಡತೊಡಗಿದ. ಹೆಂಡತಿಗೆ, “ನೀ ಕುರಿ ಹೊಡಕೊಂಡು ಮುಂದ ನಡಿ. ಸಣ್ಣಾಕಿನ್ನ ಕರಕೊಂಡು ಹೋಗು. ನಾ ಮುಗಿಸಿ ಬರ್ತೀನಿ,” ಎಂದ. ದೀಪ ಹಚ್ಚುವ ಹೊತ್ತಿಗೆ ಅವನು ಬಂದು ಇವರನ್ನು ಕೂಡಿಕೊಂಡ. ಹೆಗಲ ಮೇಲೆ ಕಂಬಳಿ ಇರಲಿಲ್ಲ. ತಾಯಿ ಏನೂ ಕೇಳಲಿಲ್ಲ. ದ್ಯಾಮವ್ವನ ಹೆಸರನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

“ದೈವ ನೋಡು, ನನ್ನ ಇದಽ ಊರಿಗೆ ಕೊಟ್ರು,” ಎಂದಳು ಆಯಿ. “ಕುಣಿ ತೋಡಿದ ಜಾಗ ನನಗ ಗುರ್ತಿತ್ತು. ವರ್ಷಾ ಮಾನಮಿ ಅಮಾಸಿ ಹಿರೇರ ಹಬ್ಬಕ್ಕ ಹೋಗಿ ಅಕ್ಕಗ ಎಡಿ ಇಟ್ಟು ಬರ್ತೀನಿ. ನಾ ಅಪ್ಪಗ ಹೇಳದಿದ್ರ ಇನ್ನೊಂದು ಚಣ ಆಕಿ ಹತ್ರ ಇರ್ತಿದ್ದೆ.”

ಇದನ್ನೆಲ್ಲ ನಾನು ಬರೆದುಕೊಂಡೆ. ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ನನಗೆ ತೂಕಡಿಕೆ ಬಂದಿರಲಿಲ್ಲ, ತಲೆ ತಿರುಗಿರಲಿಲ್ಲ, ಜ್ವರವೂ ಇರಲಿಲ್ಲ. ನಡುವೆ ಎರಡು ಸಲ ಪೆನ್ಸಿಲ್ ಕೆತ್ತಿಕೊಂಡೆ. ಒಂದು ಕೋಳಿ ಬಂದು ಕಾಗದ ಕುಕ್ಕಿದಾಗ ಓಡಿಸಿದೆ. ಆಯಿಯ ಸೊಸೆ ತಂದುಕೊಟ್ಟ ಮಜ್ಜಿಗೆ ಕುಡಿದೆ.

ಮರುದಿನ ಬೆಳಿಗ್ಗೆ ಜಗುಲಿಯಲ್ಲಿ ಕುಳಿತು ಕನ್ನಡಕ್ಕೆ ಇಳಿಸತೊಡಗಿದೆ. ಏಳನೆಯ ಹಾಳೆಯಲ್ಲಿ ಕೈ ನಿಂತಿತು. ಬಲದಿಂದ ಎಡಕ್ಕೆ ಹರಿದಿದ್ದ ನನ್ನ ಉರ್ದು ಸಾಲುಗಳ ನಡುವೆ ಎರಡು ಸಾಲು ಕನ್ನಡವಿತ್ತು.

“ಮಗಳು ಕುಣ್ಯಾಗ ಇಲ್ಲ. ದಢೇಸುಗೂರಾಗ ಅದಾಳ.”

ಅಕ್ಷರ ನನ್ನದೇ. ಅದರಲ್ಲಿ ಅನುಮಾನವಿರಲಿಲ್ಲ. ನನ್ನ ಕನ್ನಡ ಅಕ್ಷರಗಳು ಮಕ್ಕಳ ಅಕ್ಷರದಂತೆ ಅಗಲವಾಗಿರುತ್ತಿದ್ದವು, ಇವೂ ಹಾಗೆಯೇ ಇದ್ದವು. ಪೆನ್ಸಿಲ್ಲೂ ಅದೇ. ಮೇಲಿನ ಉರ್ದು ಸಾಲು “ಅಪ್ಪ ಕುಣಿ ತೋಡಿದ” ಎಂದಿದ್ದರೆ, ಕೆಳಗಿನದು “ತಾಯಿಗೆ ಮುಂದೆ ನಡಿ ಎಂದ” ಎಂದಿತ್ತು. ನಡುವೆ ಈ ಎರಡು ಸಾಲು, ಆಮೇಲೆ ಸೇರಿಸಿದ್ದಲ್ಲ, ಬರೆಯುತ್ತ ಬರೆಯುತ್ತ ಬಂದದ್ದು. ಇದನ್ನು ಬರೆದ ನೆನಪು ನನಗೆ ಎಳ್ಳಷ್ಟೂ ಇರಲಿಲ್ಲ. ‘ಢ’ ಅಕ್ಷರ ಬರೆಯಲು ನಾನು ಯಾವಾಗಲೂ ತಡೆಯುತ್ತಿದ್ದೆ. ಇಲ್ಲಿ ಅದು ಸಲೀಸಾಗಿ ಬಂದಿತ್ತು.

ನಾನು ಹೆದರಲಿಲ್ಲ. ಆಯಿ ಹಾಗೆ ಹೇಳಿರಬೇಕು, ನಾನು ಬರೆದು ಮರೆತಿರಬೇಕು ಅಂದುಕೊಂಡೆ. ಆಕೆಯನ್ನು ಕರೆದು ಓದಿ ಹೇಳಿದೆ.

“ನಾ ಹಂಗ ಅಂದಿಲ್ಲ,” ಎಂದಳು ಆಯಿ.

“ಮರತಿರಬೇಕು ನೀ.”

“ನಾ ಅಂದಿದ್ರ ಅಕ್ಕ ಅಂತಿದ್ದೆ. ಮಗಳು ಅಂತ ನಾ ಯಾಕ ಅನ್ಲಿ?”

ಇನ್ನೊಮ್ಮೆ ಓದಿಸಿದಳು. ಓದಿದೆ. ಆಕೆ ಎದ್ದು ಒಳಗೆ ಹೋದಳು. ಸೊಸೆಗೆ ರೊಟ್ಟಿ ಕಟ್ಟಿಕೊಡಲು ಹೇಳುವುದು ಕೇಳಿಸಿತು. ಹೊರಗೆ ಬಂದು ಮಗನಿಗೆ, “ಯಮನಪ್ಪಾ, ಗಾಡಿ ಹೂಡು. ದಢೇಸುಗೂರಿಗೆ ಹೋಗಬೇಕು,” ಎಂದಳು.

ನಾನು ತಡೆಯಲು ನೋಡಿದೆ. ಏನೋ ಕೈತಪ್ಪಿ ಬರೆದಿದ್ದೇನೆ, ಈ ವಯಸ್ಸಿನಲ್ಲಿ ಇಷ್ಟು ದೂರ ಬಿಸಿಲಲ್ಲಿ ಹೋಗಿ ಬರಿಗೈಲಿ ಬಂದರೆ ನಿನಗೇ ಸಂಕಟ ಎಂದೆ. ಕಾಕಾನೂ ಅದನ್ನೇ ಹೇಳಿದ. ಆಯಿ ನಮ್ಮಿಬ್ಬರ ಕಡೆ ನೋಡದೆ ಗಾಡಿ ಹತ್ತಿ ಕುಳಿತಳು. ನನಗೆ ನಿಜವಾಗಿ ನಾಚಿಕೆಯಾಗಿತ್ತು. ಕಲಿತವನು ಅನಿಸಿಕೊಂಡ ನಾನು, ನನ್ನದೇ ತಪ್ಪಿನಿಂದ ಒಬ್ಬ ಮುದುಕಿಗೆ ಇಲ್ಲದ ಆಸೆ ಹುಟ್ಟಿಸಿದ್ದೆ.

ದಾರಿಯುದ್ದಕ್ಕೂ ಎರೆಹೊಲ ಬಿರುಕು ಬಿಟ್ಟು ಮಲಗಿತ್ತು. ನಡುವೆ ಒಂದು ಕಡೆ ಎತ್ತು ಬಿಚ್ಚಿ ನೀರು ಕುಡಿಸಿ, ಹೊತ್ತು ಇಳಿಯತೊಡಗಿದ ಮೇಲೆ ಅದೇ ಹೊಳೆಯ ದಂಡೆಯ ದಢೇಸುಗೂರು ಮುಟ್ಟಿದೆವು. ಊರ ಅಂಚಿನಲ್ಲಿ ಅಂಬಿಗರವನೊಬ್ಬ ಹರಗೋಲು ಬೋರಲು ಹಾಕಿ ಅದರ ಚರ್ಮಕ್ಕೆ ತೇಪೆ ಹಚ್ಚುತ್ತಿದ್ದ. ಇಲ್ಲಿ ದ್ಯಾಮವ್ವ ಅಂತ ವಯಸ್ಸಾದ ಹೆಣ್ಣುಮಗಳು ಇದ್ದಾಳೇನು ಎಂದು ಕಾಕಾ ಕೇಳಿದ. ಅವನು ಸ್ವಲ್ಪ ಯೋಚಿಸಿ, ಆ ಹೆಸರಿನವರು ಯಾರೂ ಇಲ್ಲ ಎಂದ.

ಅಲ್ಲಿಗೆ ಮುಗಿಯಿತು ಎಂದು ನನಗೆ ಸಮಾಧಾನವೇ ಆಯಿತು. ಆಯಿ ಗಾಡಿಯಿಂದಲೇ ಕೇಳಿದಳು: “ಸಣ್ಣಾಕಿ ಇದ್ದಾಗ ಹೊಳಿ ದಂಡ್ಯಾಗ ಸಿಕ್ಕಾಕಿ ಯಾರಾರ ಅದಾರೇನಪ್ಪಾ?”

ಅವನು ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟ. “ಗಂಗಮ್ಮನ ಕೇಳಾಕತ್ತೀರೇನು? ನಮ್ಮ ದೊಡ್ಡಾಯಿ ಆಕಿ. ಬರ್ರಿ,” ಎಂದ.

ಮನೆ ಹತ್ತಿರವೇ ಇತ್ತು. ಹೊರಗಿನ ಕಟ್ಟೆಯ ಮೇಲೆ ಎತ್ತರದ ಒಬ್ಬ ಮುದುಕಿ ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ತಲೆ ಎತ್ತಿ ನಮ್ಮನ್ನು ನೋಡಿ, ಯಾರೋ ಹೊಳೆ ದಾಟುವ ಮಂದಿ ಎಂದುಕೊಂಡಿರಬೇಕು, ಮತ್ತೆ ಜೋಳದ ಕಡೆ ತಿರುಗಿದಳು. ಆಯಿ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ನಾನು ತಂಗಿ ಬಂದೀನಿ ಎನ್ನುತ್ತಾಳೆ, ಹೆಸರು ಹೇಳುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಹೇಳಿದ್ದು ಇಷ್ಟೇ:

“ಅಪ್ಪಗ ಹೇಳಿದಾಕಿ ನಾನಽ.”

ಮುದುಕಿಯ ಬೆರಳು ಜೋಳದಲ್ಲೇ ನಿಂತವು. ಬಹಳ ಹೊತ್ತು ನೋಡಿದಳು. ಆಮೇಲೆ, “ಹೇಳಬ್ಯಾಡ ಅಂದಿದ್ದೆ ನಿನಗ,” ಎಂದಳು.

ಇಬ್ಬರೂ ಹೇಗೆ ಒಬ್ಬರನ್ನೊಬ್ಬರು ಮುಟ್ಟಿದರು, ಯಾರು ಮೊದಲು ಅತ್ತರು ಎಂಬುದನ್ನು ನಾನು ಬರೆಯುವುದಿಲ್ಲ. ಕಾಕಾ ಮುಖ ತಿರುಗಿಸಿಕೊಂಡು ಎತ್ತಿನ ಕೊರಳು ಸವರುತ್ತ ನಿಂತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಆಯಿ, ತಾನು ಅರವತ್ತು ವರ್ಷ ಎಡೆ ಇಟ್ಟದ್ದನ್ನು ಹೇಳಿದಾಗ ದ್ಯಾಮವ್ವ ಗಟ್ಟಿಯಾಗಿ ನಕ್ಕಳು. “ಒಂದು ತುತ್ತೂ ನನಗ ಮುಟ್ಟಲಿಲ್ಲ ಬೇ. ಯಾವ ನಾಯಿ ತಿಂತೋ ಏನೋ,” ಎಂದಳು. ಆಯಿಯೂ ನಕ್ಕಳು. ಆ ನಗು ಇಬ್ಬರದೂ ಒಂದೇ ತರಹ ಇತ್ತು.

ದ್ಯಾಮವ್ವ ಆವತ್ತಿನ ಕತೆಯನ್ನು ಸಣ್ಣ ದನಿಯಲ್ಲಿ ಹೇಳಿದಳು. ಅವಳಿಗೆ ಎಚ್ಚರವಿತ್ತು, ಮೈ ಅಲ್ಲಾಡಿಸಲು ಆಗುತ್ತಿರಲಿಲ್ಲ. ಕುಣಿ ತೋಡುವ ಸದ್ದು ಕೇಳುತ್ತಿತ್ತು. ತಾಯಿ ಹೋದದ್ದೂ ಗೊತ್ತಾಯಿತು. ಅಪ್ಪ ಬಂದು ಎತ್ತಿಕೊಂಡಾಗ ಕಣ್ಣು ತೆರೆದು ನೀರು ಕೇಳಿದಳು. ಅಪ್ಪ ಅವಳನ್ನು ಹಿಡಿದುಕೊಂಡು ನಿಂತೇ ಇದ್ದ. ಬದುಕಿದವಳನ್ನು ಹೂಳುವ ಹಾಗಿಲ್ಲ. ಬಸುರಿ ಹೆಂಡತಿ, ಸಣ್ಣ ಮಗಳು ಇರುವಲ್ಲಿಗೆ ಕರೆದೊಯ್ಯುವ ಹಾಗೂ ಇಲ್ಲ. ಕೊನೆಗೆ ಹೊಳೆಯ ದಂಡೆಯ ಜಾಲಿಯ ನೆರಳಿನಲ್ಲಿ ಮಲಗಿಸಿ, ತನ್ನ ಕಂಬಳಿ ಹೊದಿಸಿ, ಒಂದು ಗಡಿಗೆ ನೀರಿಟ್ಟ.

“ಆಮ್ಯಾಲ ಹೋಗಿ ಖಾಲಿ ಕುಣಿ ಮುಚ್ಚಿದ,” ಎಂದಳು. “ನಾ ಮಕ್ಕೊಂಡು ನೋಡಾಕತ್ತಿದ್ದೆ.”

ಮರುದಿನ ಹರಗೋಲಿನಲ್ಲಿ ಹೋಗುತ್ತಿದ್ದ ಅಂಬಿಗರು ಕಂಡು ಅವಳನ್ನು ತಮ್ಮೂರಿಗೆ ತಂದರು. ಹೊಳೆಯಲ್ಲಿ ಸಿಕ್ಕವಳೆಂದು ಗಂಗಮ್ಮ ಎಂದು ಕರೆದರು. ಅವರ ಮನೆಯಲ್ಲೇ ಬೆಳೆದಳು, ಅವರಲ್ಲೇ ಮದುವೆಯಾದಳು. ಮಕ್ಕಳು, ಮೊಮ್ಮಕ್ಕಳು ಆದರು. ತಾನು ಯಾರ ಮಗಳೆಂದು ಒಬ್ಬರಿಗೂ ಹೇಳಲಿಲ್ಲ.

ನಾವು ಹೇಗೆ ಬಂದೆವು ಎಂಬುದನ್ನು ನಾನು ದ್ಯಾಮವ್ವನಿಗೆ ಹೇಳಿ, “ನೀ ನಮ್ಮನ್ನ ಕರದೇನು ಆಯಿ? ಮನಸಿನ್ಯಾಗರ ನೆನಸಿದೇನು?” ಎಂದು ಕೇಳಿದೆ. ಆಗ ನನಗೆ ಹೊಳೆದದ್ದು ಅದೊಂದೇ ದಾರಿ.

“ನಾ ಯಾಕ ಕರೀಲಿ?” ಎಂದಳು ದ್ಯಾಮವ್ವ. ಸಿಟ್ಟಿನಿಂದ ಹೇಳಲಿಲ್ಲ. “ನನಗ ಯಾರೂ ಇದ್ದಿಲ್ಲ ಅಂತ ತಿಳದಿದ್ದೆ. ಹಂಗಽ ಇದ್ದುಬಿಟ್ಟೆ.”

ಆಯಿ ಅಲ್ಲಿ ಹದಿನೈದು ದಿನ ಉಳಿದಳು. ನಾನು ರಜೆ ಮುಗಿದು ಮಸ್ಕಿಗೆ ಬಂದೆ. ದೀಪಾವಳಿಯ ಹೊತ್ತಿಗೆ ದ್ಯಾಮವ್ವನ ಕತೆಯನ್ನು ಪೂರ್ತಿ ಬರೆದುಕೊಳ್ಳಲೆಂದು ಒಬ್ಬನೇ ಮತ್ತೆ ದಢೇಸುಗೂರಿಗೆ ಹೋದೆ. ಈ ಸಲ ಆ ಏಳನೆಯ ಹಾಳೆಯನ್ನೂ ಒಯ್ದಿದ್ದೆ. ಎರಡು ಸಾಲನ್ನು ಓದಿ ತೋರಿಸಿದೆ.

“ಮಗಳು ಅಂತ ಬರದೈತೇನು?” ಎಂದು ಕೇಳಿದಳು.

ಹೌದು ಎಂದೆ.

“ಇನ್ನೊಮ್ಮಿ ಓದು.”

ಓದಿದೆ. ಅವಳು ಹೊಳೆಯ ಕಡೆ ನೋಡುತ್ತ ಕುಳಿತಳು. ಆಮೇಲೆ ಹಿಂದೆ ಯಾರಿಗೂ ಹೇಳದ, ತಂಗಿಗೂ ಹೇಳದ ಒಂದು ಸಂಗತಿ ಹೇಳಿದಳು. ಅವಳಿಗೆ ಮೊದಲ ಮಗು ಹುಟ್ಟಿದ ವರ್ಷ ಒಂದು ದಿನ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳಂತೆ. ಮೇಲಿನ ದಂಡೆಯಲ್ಲಿ ಒಬ್ಬ ಕುರಿಗಾರ ನಿಂತಿದ್ದ. ಕುರಿ ಇರಲಿಲ್ಲ, ಅವನೊಬ್ಬನೇ. ಅಪ್ಪನೆಂದು ಅವಳಿಗೆ ನಿಲುವಿನಿಂದಲೇ ಗೊತ್ತಾಯಿತು. ಅವನು ಇವಳನ್ನೂ ಮಗುವನ್ನೂ ನೋಡುತ್ತ ಬಹಳ ಹೊತ್ತು ನಿಂತ. ಇವಳು ಕರೆಯಲಿಲ್ಲ. ಅವನೂ ಮಾತಾಡಿಸಲಿಲ್ಲ. ತಿರುಗಿ ಹೋದ.

ಅಂದರೆ ನಮ್ಮ ಮನೆತನದಲ್ಲಿ ದ್ಯಾಮವ್ವ ದಢೇಸುಗೂರಿನಲ್ಲಿ ಇದ್ದಾಳೆಂದು ತಿಳಿದಿದ್ದವನು ಒಬ್ಬನೇ ಒಬ್ಬ, ಅವಳ ಅಪ್ಪ ಸಿದ್ದಪ್ಪ. ಅವನು ನನ್ನ ಅಪ್ಪ ಹುಟ್ಟುವ ಮುಂಚೆಯೇ ತೀರಿಕೊಂಡಿದ್ದ. ಓದು ಬರಹ ಗೊತ್ತಿಲ್ಲದವನು.

ನಾನು ಇದನ್ನು ಎಷ್ಟೋ ರೀತಿ ಬಿಡಿಸಿ ನೋಡಿದ್ದೇನೆ. ಸಣ್ಣವನಿದ್ದಾಗ ಎಲ್ಲೋ ಕೇಳಿದ್ದು ಒಳಗೆ ಉಳಿದಿತ್ತೇ? ಆದರೆ ನನ್ನ ಅಜ್ಜನಿಗೂ ಅಪ್ಪನಿಗೂ ದ್ಯಾಮವ್ವ ಎಂಬವಳು ಇದ್ದಳೆಂಬುದೇ ಗೊತ್ತಿರಲಿಲ್ಲ. ಸಿದ್ದಪ್ಪ ಸಾಯುವಾಗ ಹೆಂಡತಿಗೆ ಹೇಳಿದ್ದನೇ? ಹೇಳಿದ್ದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಆಯಿಗೇ ಗೊತ್ತಿದ್ದು ಬಾಯಿ ಜಾರಿತೇ? ಗೊತ್ತಿದ್ದವಳು ಅರವತ್ತು ವರ್ಷ ಖಾಲಿ ನೆಲಕ್ಕೆ ಎಡೆ ಇಡುವುದಿಲ್ಲ. ಯಾವ ಕಡೆಯಿಂದ ಹೋದರೂ ಸ್ವಲ್ಪ ದೂರ ನಡೆದು ದಾರಿ ನಿಂತುಹೋಗುತ್ತದೆ. ನನಗಿಂತ ಬುದ್ಧಿವಂತರ ಮುಂದೆ ಆ ಹಾಳೆ ಇಟ್ಟಿದ್ದೇನೆ. ಅವರೂ ತಿರುವಿ ನೋಡಿ ಮರಳಿ ಕೊಟ್ಟಿದ್ದಾರೆ.

ಆ ದಿನ ಹೊರಡುವ ಮುಂಚೆ ನಾನು ದ್ಯಾಮವ್ವನನ್ನು ಕೇಳಿದೆ. ಮನೆತನದ ಪುಸ್ತಕದಲ್ಲಿ ಅವಳ ಅಪ್ಪನ ವಿಷಯ ಏನು ಬರೆಯಲಿ? ಬಿಟ್ಟು ಹೋದ ಅಂತಲೇ, ಉಳಿಸಿದ ಅಂತಲೇ? ನನಗೆ ಯಾವುದನ್ನು ಬರೆಯಲೂ ಕೈ ಬರುತ್ತಿರಲಿಲ್ಲ. ಅವನು ಅವಳನ್ನು ಅಲ್ಲಿ ಬಿಟ್ಟದ್ದರಿಂದ ನನ್ನ ಅಜ್ಜ ಹುಟ್ಟಿದ್ದು, ನಾನು ಹುಟ್ಟಿದ್ದು.

“ಅದ್ಯಾವುದೂ ಬ್ಯಾಡ. ಬಂದಿದ್ದ ಅಂತ ಬರಿ,” ಎಂದಳು. “ಅಷ್ಟಽ ಸಾಕು.”

ಅವಳ ಎದುರಿಗೇ ಬರೆದೆ, ಕನ್ನಡದಲ್ಲೇ, ನಿಧಾನವಾಗಿ. ಆ ಸಾಲನ್ನು ಬರೆದದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.